ಪೊರಕೆ ಕಡ್ಡಿಯಲ್ಲಿ ಅಳೆದ ಚಳಿ

ಹೋದ ವರ್ಷ ಅಚ್ಚಾದ ಒಂದು ವರದಿಯ ನಲವತ್ತೊಂದನೇ ಪುಟದಲ್ಲಿ ಹೀಗೊಂದು ಸಾಲಿದೆ: 'ಜಿಲ್ಲೆಯ ಬೆಟ್ಟ ಪ್ರದೇಶಗಳ ಉಷ್ಣಾಂಶದ ಬಗ್ಗೆ ನಂಬಲರ್ಹವಾದ ದೀರ್ಘಕಾಲದ ದಾಖಲೆ ಲಭ್ಯವಿಲ್ಲ.'

ಆ ಸಾಲು ಸುಳ್ಳು. ದಾಖಲೆ ಇದೆ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬೆಟ್ಟದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶಕುಂತಲಮ್ಮ ಹದಿನೇಳೂವರೆ ವರ್ಷ ದಿನಾ ಬೆಳಿಗ್ಗೆ ಎಂಟೂವರೆಗೆ ಬರೆದಿಟ್ಟ ದಾಖಲೆ. ಮೂವತ್ತಾರು ನೋಟ್‌ಬುಕ್ಕುಗಳು. ಅವು ಈಗ ಗುಬ್ಬಿಯಲ್ಲಿ, ನಮ್ಮ ಮನೆಯ ಟ್ರಂಕಿನಲ್ಲಿವೆ. ಶಕುಂತಲಾ ಹೋಗಿ ನಲವತ್ತು ದಿನವಾಯಿತು. ನಾನು ಅಳುವುದನ್ನು ಇನ್ನೂ ಮುಗಿಸಿಲ್ಲ, ಆದರೆ ಆ ಸಾಲನ್ನು ಹಾಗೇ ಬಿಟ್ಟು ಅಳುತ್ತಾ ಕೂರಲು ನನಗೆ ಮನಸ್ಸಿಲ್ಲ.

ತುಮಕೂರಿನಲ್ಲಿ ನಾವಿಬ್ಬರೂ ಒಟ್ಟಿಗೆ ಟಿ.ಸಿ.ಎಚ್. ಶಿಕ್ಷಕ ತರಬೇತಿ ಮಾಡಿದವರು. ಹಾಸ್ಟೆಲಿನ ಒಂದೇ ಕೋಣೆ. ನನಗೆ ಗುಬ್ಬಿಯಲ್ಲಿ ಕೆಲಸ ಸಿಕ್ಕಿತು, ಅವಳಿಗೆ ಗಂಡನ ಊರಾದ ಹುತ್ರಿದುರ್ಗದಲ್ಲೇ. ಗಂಡ ಗಂಗಾಧರ್ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟರ್. ವಾರವೆಲ್ಲ ತುಮಕೂರಿನಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಅತ್ತೆ ಹೊಂಬಾಳಮ್ಮ.

೧೯೯೧ರ ಜೂನ್‌ನಲ್ಲಿ ತುಮಕೂರಿನ ಒಂದು ಕಾಲೇಜಿನ ಭೂಗೋಳದ ಮೇಷ್ಟ್ರೊಬ್ಬರು ಐದು ಬೆಟ್ಟದ ಊರುಗಳ ಶಾಲೆಗಳಿಗೆ ಒಂದೊಂದು ಥರ್ಮಾಮೀಟರ್ ಕೊಟ್ಟರು. ಬಯಲಿನ ಬಿಸಿಲು, ಚಳಿ ಅಳೆಯಲು ಜನರಿದ್ದಾರೆ, ಬೆಟ್ಟದ್ದನ್ನು ಯಾರೂ ಅಳೆಯುತ್ತಿಲ್ಲ ಎನ್ನುವುದು ಅವರ ಕೊರಗು. ಜೊತೆಗೆ ಒಂದು ಬಿಳಿ ಮರದ ಡಬ್ಬ: ಎದೆಯೆತ್ತರದ ನಾಲ್ಕು ಕಾಲು, ಸುತ್ತ ಗಾಳಿಯಾಡಲು ಓರೆ ಪಟ್ಟಿಗಳು, ಮೇಲೊಂದು ಸೂರು, ಬಡಗಲ ಕಡೆಗೆ ಬಾಗಿಲು. ಒಳಗೆ ಯು ಅಕ್ಷರದ ಹಾಗೆ ಬಾಗಿದ ಗಾಜಿನ ಕೊಳವೆ, ಅದರಲ್ಲಿ ಪಾದರಸ, ಎರಡು ಕಡೆಗೂ ಒಂದೊಂದು ಪುಟ್ಟ ಉಕ್ಕಿನ ಮೊಳೆ. ಚಳಿ ಏರಿದಂತೆ ಎಡಗಡೆಯ ಮೊಳೆ ಮೇಲೆ ಹೋಗಿ ನಿಲ್ಲುತ್ತದೆ, ಬಿಸಿಲು ಏರಿದಂತೆ ಬಲಗಡೆಯದು. ಬೆಳಿಗ್ಗೆ ಎರಡನ್ನೂ ನೋಡಿ ಬರೆದುಕೊಂಡು, ಅಯಸ್ಕಾಂತದ ತುಂಡಿನಿಂದ ಮೊಳೆಗಳನ್ನು ಮತ್ತೆ ಕೆಳಗೆಳೆದು ಬಿಡಬೇಕು. ಇಷ್ಟೇ ಕೆಲಸ.

ಇಷ್ಟೇ ಕೆಲಸ ಎರಡು ವರ್ಷದೊಳಗೆ ನಾಲ್ಕು ಊರಲ್ಲಿ ನಿಂತುಹೋಯಿತು. ಒಂದು ಕಡೆ ಕೋತಿಗಳು ಕೊಳವೆ ಒಡೆದವು. ಒಂದು ಕಡೆ ಮೇಷ್ಟ್ರಿಗೆ ವರ್ಗವಾಯಿತು. ಇನ್ನೆರಡು ಕಡೆ ಬೇಸರ. ಭೂಗೋಳದ ಮೇಷ್ಟ್ರಿಗೂ ಬೇರೆ ಜಿಲ್ಲೆಗೆ ವರ್ಗವಾಯಿತು. ಯಾರೂ ಕೇಳದ ಮೇಲೂ ಬರೆಯುತ್ತಾ ಹೋದವಳು ಶಕುಂತಲಾ ಒಬ್ಬಳೇ. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಕೇಳೋರಿಲ್ಲ ಅಂತ ಮಗ್ಗಿ ಹೇಳ್ಕೊಡೋದು ಬಿಡ್ತೀವೇನೇ ಶಾಂತಲಾ?" ಅಂದಳು.

ಪ್ರತಿ ತಿಂಗಳ ಮೊದಲ ವಾರ ನನಗೊಂದು ಪೋಸ್ಟ್ ಕಾರ್ಡು ಬರುತ್ತಿತ್ತು. ಒಂದು ಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಆ ತಿಂಗಳ ಅಂಕಿಗಳು, ಮೂಲೆಯಲ್ಲಿ ಎರಡು ಸಾಲು ಸಮಾಚಾರ. ಮೊದಲ ವರ್ಷದ ನವೆಂಬರ್ ಕಾರ್ಡಿನ ಮೂಲೆಯಲ್ಲಿ ಹೀಗಿತ್ತು: 'ನಮ್ಮ ಬೆಟ್ಟಕ್ಕೆ ವಾರಕ್ಕೆರಡು ದಿನ ಜ್ವರ ಬರುತ್ತೆ ಕಣೇ. ಮಂಗಳವಾರ, ಶುಕ್ರವಾರ. ಬೇರೆ ದಿನ ಇಪ್ಪತ್ತೇಳು, ಅವತ್ತು ಮಾತ್ರ ನಲವತ್ತೊಂದು. ಪಾದರಸಕ್ಕೆ ವಾರ ಗೊತ್ತಾಗೋದು ಹೇಗೆ?'

ಮುಂದಿನ ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೂ ಅವಳು ಜಗಲಿಯ ಕಂಬದ ಹಿಂದೆ ಕೂತಳು. ದನ ಮನೆಗೆ ಬರುವ ಹೊತ್ತಿಗೆ ಹೊಂಬಾಳಮ್ಮ ಹಿತ್ತಾಳೆ ತಟ್ಟೆ ಹಿಡಿದು ಬಂದರು. ಹಿಂದೆ ಮೂರು ಜನ ಹೆಂಗಸರು. ಅತ್ತೆ ಡಬ್ಬದ ಬಾಗಿಲು ತೆಗೆದು, ಕೊಳವೆಯ ಬುಡಕ್ಕೆ ಒಂದು ಕಣಗಿಲೆ ಹೂವಿಟ್ಟು, ಎಣ್ಣೆ ತುಂಬಿದ ಹಣತೆ ಹಚ್ಚಿ ಒಳಗಿಟ್ಟರು.

"ಅತ್ತೆ! ಏನ್ ಮಾಡ್ತಿದ್ದೀರ?"

"ಕಣ್ಣು ಕಾಣಕಿಲ್ವ? ದೀಪ ಹಚ್ತಾ ಇವ್ನಿ."

"ಅದು ಗುಡಿ ಅಲ್ಲ ಅತ್ತೆ. ಚಳಿ ಬಿಸ್ಲು ಅಳೆಯೋ ಡಬ್ಬ."

"ನಾಕು ಕಾಲು ಐತೆ, ಮ್ಯಾಲೆ ಸೂರೈತೆ, ಬಡಗಲಾಗಿ ಬಾಗ್ಲೈತೆ. ನೀನೇ ದಿನಾ ಬೆಳಿಗ್ಗೆ ತಲೆ ಮ್ಯಾಲೆ ನೀರು ಹುಯ್ಕಂಡು ಬಂದು ಬಾಗ್ಲು ತೆಗ್ದು, ಬಗ್ಗಿ, ಉಸ್ರು ಬಿಗಿಹಿಡ್ಕಂಡು ನೋಡ್ತೀಯ. ಆಮ್ಯಾಕೆ ಏನೋ ಬರ್ಕತೀಯ. ನಾವು ಏನಂತ ತಿಳ್ಕಬೇಕಿತ್ತು? ಸೊಸೆ ಬೆಟ್ಟದಮ್ಮಂಗೆ ನಡ್ಕತಾವ್ಳೆ ಅಂತ ಊರೆಲ್ಲ ಹೊಗಳ್ತು. ನಂಗೂ ಎರಡು ದಿನ ಪುಣ್ಯ ಬರ್ಲಿ ಅಂತ ಹಚ್ದೆ."

ಇದನ್ನು ಹೇಳುವಾಗಲೆಲ್ಲ ಶಕುಂತಲಾ ಹೊಟ್ಟೆ ಹಿಡಿದು ನಗುತ್ತಿದ್ದಳು. "ನನ್ನ ನೋಟ್‌ಬುಕ್ಕು ಮೊದಲು ಹಿಡಿದ ಕಳ್ಳಿ ನನ್ನ ಅತ್ತೆ ಕಣೇ!" ಆದರೆ ಆವತ್ತು ನಗಲಿಲ್ಲ. ದೀಪ ಬೇಡವೆಂದರೆ ಹೆಂಗಸರು ಬಿಡುವುದಿಲ್ಲ, ಬಿಟ್ಟರೂ ಕದ್ದು ಹಚ್ಚುತ್ತಾರೆ. ಆ ಶನಿವಾರ ಗಂಡನಿಗೆ ಹೇಳಿದಳು. ಗಂಗಾಧರ್ ಕಾರ್ಖಾನೆಯಲ್ಲಿ ಬಿಸಾಡುವ ಪ್ಯಾಕಿಂಗ್ ಮರ ಕೇಳಿ ತಂದು, ಎರಡು ಭಾನುವಾರ ಕೂತು, ಥೇಟು ಹಾಗೇ ಇನ್ನೊಂದು ಡಬ್ಬ ಮಾಡಿದರು. ಅಷ್ಟೇ ಎತ್ತರ, ಅದೇ ಬಿಳಿ ಬಣ್ಣ. ಅದನ್ನು ಹದಿನೈದು ಹೆಜ್ಜೆ ಆಚೆ, ಬಂಡೆಯ ಮಗ್ಗುಲಲ್ಲಿ ನಿಲ್ಲಿಸಿದರು. ಒಳಗೆ ಏನೂ ಇಲ್ಲ.

ಶಕುಂತಲಾ ಹೆಂಗಸರನ್ನು ಕರೆದು ಒಂದು ಕತೆ ಕಟ್ಟಿ ಹೇಳಿದಳು. ಹೊಸದು ಬೆಟ್ಟದಮ್ಮನ ಮನೆ, ದೀಪ, ಹೂವು, ಹಣ್ಣುಕಾಯಿ ಎಲ್ಲ ಅಲ್ಲಿ. ಹಳೆಯದು ಅಮ್ಮನ ತವರು. ಹೆಣ್ಣುಮಗಳು ತವರಿಗೆ ಬರುವುದು ತಣ್ಣಗೆ ಮಲಗಿ ಸುಧಾರಿಸಿಕೊಳ್ಳಲು, ಅಲ್ಲಿ ದೀಪ ಹಚ್ಚಿ ಅವಳನ್ನು ಎಬ್ಬಿಸಬಾರದು.

ಹೊಂಬಾಳಮ್ಮ ಸ್ವಲ್ಪ ಯೋಚಿಸಿ, "ಅದೂ ದಿಟವೇ ಬುಡು" ಅಂದರಂತೆ. ಅವತ್ತಿನಿಂದ ಜ್ವರ ನಿಂತಿತು. ದೀಪದ ದಿನಗಳ ಅಂಕಿಗಳನ್ನು ಅವಳು ಅಳಿಸಲಿಲ್ಲ. ಒಂದೊಂದರ ಮುಂದೆಯೂ 'ದೀಪ' ಎಂದು ಬರೆದು ಲೆಕ್ಕದಿಂದ ಹೊರಗಿಟ್ಟಳು.

ಆ ಕತೆ ಒಂದು ವರ್ಷದ ಮೇಲೆ ಅವಳಿಗೇ ತಿರುಗಿಬಿತ್ತು.

೧೯೯೩ರ ಜನವರಿಯಲ್ಲಿ ಗಂಗಾಧರ್ ಹೋದರು. ಕಾರ್ಖಾನೆಯ ಗೇಟಿನಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಮೂವತ್ತೆಂಟು ವರ್ಷ. ನಾನು ಮೂರನೇ ದಿನ ಹುತ್ರಿದುರ್ಗ ತಲುಪಿದೆ. ಅಂಥ ಚಳಿಯನ್ನು ನಾನು ಆ ಬೆಟ್ಟದಲ್ಲಿ ಮತ್ತೆ ಕಂಡಿಲ್ಲ. ಬಂಡೆಯ ಮೇಲಿನ ಇಬ್ಬನಿ ಬಿಸಿಲು ಏರಿದರೂ ಆರುತ್ತಿರಲಿಲ್ಲ. ಶಕುಂತಲಾ ಗೋಡೆಗೊರಗಿ ಕೂತಿದ್ದಳು. ನನ್ನ ಕೈ ಹಿಡಿದು ಮೊದಲು ಹೇಳಿದ ಮಾತು ಇದು:

"ಮುಟ್ಟಕ್ಕೆ ಬಿಡ್ತಿಲ್ಲ ಕಣೇ."

ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಹೇಳಿದರು: "ಸೂತಕದಲ್ಲಿ ಅಮ್ಮನ ತವರು ಮುಟ್ಟಕಾದದೇನವ್ವ? ನೀನಾರ ಬುದ್ಧಿ ಹೇಳು." ಹನ್ನೊಂದು ದಿನ ಅವಳು ಡಬ್ಬದ ಬಾಗಿಲು ತೆಗೆಯುವಂತಿರಲಿಲ್ಲ. ಅವಳೇ ಕಟ್ಟಿದ ಕತೆ, ಅವಳೇ ಒಪ್ಪಿಸಿದ ತವರು. ಈಗ ಯಾವ ಬಾಯಲ್ಲಿ ಅದು ಬರೀ ಮರದ ಡಬ್ಬ ಎನ್ನುವುದು?

ಗಂಡ ಸತ್ತ ಮನೆಯಲ್ಲಿ ಇವಳಿಗೆ ಪಾದರಸದ ಚಿಂತೆ ಎಂದು ಒಳಗೆ ಯಾರೋ ಪಿಸುಗುಟ್ಟಿದರು. ಅದು ಅವಳಿಗೂ ಕೇಳಿಸಿತು. "ಅವ್ರು ಮಾಡ್ಕೊಟ್ಟ ಡಬ್ಬ ಅಲ್ಲಿ ನಿಂತಿದೆ" ಅಂದಳು ನನಗೆ ಮಾತ್ರ ಕೇಳುವಂತೆ. "ಲೆಕ್ಕ ಕೆಡಬಾರ್ದು ಅಂತ ಎರಡು ಭಾನುವಾರ ಕೂತು ಮಾಡಿದ್ರು. ನಾನು ಕೆಡಿಸ್ಲಾ?"

ಅವಳು ಮೊದಲ ದಿನವೇ ದಾರಿ ಹುಡುಕಿಕೊಂಡಿದ್ದಳು. ಪಕ್ಕದ ಮನೆಯ ಚಿಕ್ಕಮಾರಮ್ಮ ಶಾಲೆಯ ಅಂಗಳ ಗುಡಿಸುವವಳು. ಸೂತಕಕ್ಕೆ ಸೇರದ ಮನೆ. ಅಂಕಿ ಬಾರದು, ಅಕ್ಷರ ಬಾರದು. ಅವಳ ಕೈಗೆ ಅಯಸ್ಕಾಂತ ಕೊಟ್ಟು ಶಕುಂತಲಾ ಹೀಗೆ ಹೇಳಿಕೊಟ್ಟಿದ್ದಳು: ನಿನ್ನ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಕಿತ್ತುಕೋ. ಎಡಗಡೆ ಕೊಳವೆಗೆ ಹಿಡಿ, ಕಡ್ಡಿಯ ಬುಡ ಕೆಳಗಿನ ಹಿತ್ತಾಳೆ ಪಟ್ಟಿಗೆ ತಾಗಬೇಕು. ಮೊಳೆಯ ಕೆಳತುದಿ ಎಲ್ಲಿದೆಯೋ ಅಲ್ಲಿಗೆ ಉಗುರಿಂದ ಮುರಿ. ಆಮೇಲೆ ಮೊಳೆ ಕೆಳಗೆಳೆದು ಬಾಗಿಲು ಹಾಕು. ಕಡ್ಡಿ ತಂದು ಹೊಸಲಿನ ಆಚೆ ಇಡು. ಚಳಿಯ ಮೊಳೆ ಒಂದನ್ನು ಹಿಡಿದರೆ ಸಾಕು, ಬಿಸಿಲಿನದು ಬಿಟ್ಟರೂ ಚಿಂತೆಯಿಲ್ಲ.

ನಾನು ಹೋದ ದಿನ ಹೊಸಲಿನಾಚೆ ಮೂರು ಕಡ್ಡಿಗಳಿದ್ದವು. ಒಂದೊಂದೂ ಬೇರೆ ಬೇರೆ ಉದ್ದ. ಹೊಂಬಾಳಮ್ಮ ಮಗನನ್ನು ಕಳೆದುಕೊಂಡು ಮೂಲೆಯಲ್ಲಿ ಮುದುರಿದ್ದವರು, ಮೂರನೇ ಕಡ್ಡಿ ನೋಡಿ, "ಇವತ್ತು ಉದ್ದ ಐತೆ. ಚಳಿ ಜಾಸ್ತಿ ಇತ್ತಲ್ವ ಮಾರಿ?" ಅಂದರು. ಅವರು ಸಾವಿನ ಆಚೆಗೆ ಆಡಿದ ಮೊದಲ ಮಾತು ಅದಾಗಿತ್ತು.

ಹನ್ನೆರಡನೇ ದಿನ ಶಕುಂತಲಾ ಹನ್ನೊಂದು ಕಡ್ಡಿಗಳನ್ನು ಒಂದೊಂದಾಗಿ ಕೊಳವೆಗೆ ಹಿಡಿದು ಅಂಕಿ ಓದಿ ಬರೆದಳು. ಮುಂದೆ 'ಕಡ್ಡಿ' ಎಂದು ಷರಾ ಹಾಕಿದಳು. ಅವುಗಳಲ್ಲೊಂದು ಒಂಬತ್ತೂವರೆ ಡಿಗ್ರಿ. ಇಡೀ ಹದಿನೇಳೂವರೆ ವರ್ಷದಲ್ಲಿ ಆ ಬೆಟ್ಟದ ಅತಿ ತಣ್ಣನೆಯ ಮುಂಜಾವು ಅದು. ಗಾಜಿನ ಮೇಲೆ ಅದನ್ನು ನೋಡಿದವಳು ಅಂಕಿ ಬಾರದ ಚಿಕ್ಕಮಾರಮ್ಮ ಒಬ್ಬಳೇ. ಕಡ್ಡಿಗಳನ್ನು ಒಂದು ದಾರದಲ್ಲಿ ಕಟ್ಟಿ ನೋಟ್‌ಬುಕ್ಕಿಗೆ ಹೊಲಿದಳು.

ಕುಂಕುಮ ಇಡುವುದನ್ನು ಆ ಹನ್ನೊಂದು ದಿನದಲ್ಲಿ ಬಿಡಿಸಿದ್ದರು. ಮುಂದಿನ ಸಲ ನಾನು ಹೋದಾಗ ಅವಳ ಬೆಳ್ಳಿಯ ಕುಂಕುಮದ ಭರಣಿಯಲ್ಲಿ ಅಯಸ್ಕಾಂತವಿತ್ತು. ನಾನು ನೋಡಿದ್ದನ್ನು ನೋಡಿ, "ಭರಣಿ ಯಾಕೆ ಖಾಲಿ ಇರ್ಬೇಕು?" ಅಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ.

ವರ್ಷಗಳು ಹೋದವು. ಬಲಗಡೆಯ ಅಂಕಿ, ಅಂದರೆ ಹಗಲಿನ ಬಿಸಿಲು, ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು ಎಡಗಡೆಯದು. ೨೦೦೦ದ ಆಚೆಗೆ ಅವಳಿಗೆ ಅನುಮಾನ ಶುರುವಾಯಿತು. ಹೊಂಬಾಳಮ್ಮನಿಗೆ ಅನುಮಾನವೇ ಇರಲಿಲ್ಲ. ಅವರು ಅವರೆಕಾಯಿ ಸುಲಿಯುತ್ತಾ ಸಿಪ್ಪೆ ಮೂಸಿ ನೋಡಿ ಹೇಳುತ್ತಿದ್ದರು: "ಸೊಗಡೇ ಇಲ್ಲ ಕಣವ್ವ. ಮಂಜು ಬೀಳ್ದೆ ಸೊಗಡು ಎಲ್ಲಿಂದ ಬತ್ತದೆ? ಮೊದ್ಲು ಕೈ ತೊಳುದ್ರೂ ಎರಡು ದಿನ ಹೋಗ್ತಿರ್ಲಿಲ್ಲ." ಆ ಅತ್ತೆ ೨೦೦೩ರಲ್ಲಿ ತೀರಿಕೊಂಡರು. ಆ ಸೂತಕದಲ್ಲಿ ಶಕುಂತಲಾಳನ್ನು ಯಾರೂ ತಡೆಯಲಿಲ್ಲ. "ಮೇಷ್ಟ್ರಮ್ಮ ಮುಟ್ಲಿ ಬುಡು, ಅಮ್ಮನೇ ಒಪ್ಕಂಡವ್ಳೆ" ಎಂದು ಊರ ಹೆಂಗಸರೇ ಅಂದರಂತೆ.

೨೦೦೭ರ ಬೇಸಿಗೆ ರಜೆಯಲ್ಲಿ ಅವಳು ಗ್ರಾಫ್ ಹಾಳೆಗಳನ್ನು ಅಂಟಿಸಿ ಒಂದು ಉದ್ದನೆಯ ಚಿತ್ರ ಬರೆದು ನಮ್ಮ ಮನೆಗೆ ತಂದಳು. ಹದಿನಾರು ಜನವರಿಗಳ ಮುಂಜಾವಿನ ಚಳಿ. ಮೊದಲ ಐದು ವರ್ಷದ ಸರಾಸರಿ ಹದಿಮೂರು ಪಾಯಿಂಟ್ ಎರಡು, ಕೊನೆಯ ಐದರದ್ದು ಹದಿನಾಲ್ಕು. ಹಾಳೆಯ ಬಲಭಾಗ ಪೂರ್ತಿ ಖಾಲಿ ಬಿಟ್ಟಿದ್ದಳು. ಅಲ್ಲಿ ಪೆನ್ಸಿಲಿನಲ್ಲಿ ಚುಕ್ಕಿಚುಕ್ಕಿಯಾಗಿ ಒಂದು ಗೆರೆ ಮೇಲಕ್ಕೆ ಹೋಗಿತ್ತು.

"ಇದೇ ಹೆಜ್ಜೇಲಿ ಹೋದ್ರೆ ಎರಡು ಸಾವಿರದ ಮೂವತ್ತಕ್ಕೆ ಹದಿನಾರರ ಹತ್ತಿರ" ಅಂದಳು. "ಮೊದಲಿಗಿಂತ ಏರಿದ್ದು ಮೂರು ಡಿಗ್ರಿಗೆ ಸ್ವಲ್ಪ ಕಡಿಮೆ. ಆಗ ಬೆಟ್ಟದ ಚಳಿಗೂ ಕುಣಿಗಲ್ ಪೇಟೆ ಚಳಿಗೂ ವ್ಯತ್ಯಾಸ ಹುಡುಕ್ಬೇಕಾಗುತ್ತೆ."

"ಜ್ಯೋತಿಷ್ಯ ಹೇಳ್ತಿದೀಯಾ?"

"ಜ್ಯೋತಿಷ್ಯ ತಪ್ಪಾದ್ರೆ ಜೋಯಿಸ್ರಿಗೆ ಬೇಜಾರು. ನಂದು ತಪ್ಪಾದ್ರೆ ನಾನೇ ಅವರೆಕಾಯಿ ಊಟ ಹಾಕಿಸ್ತೀನಿ. ಅದಕ್ಕೇ ಪೆನ್ಸಿಲ್ಲಲ್ಲಿ ಬರ್ದಿರೋದು."

ಅದೇ ವರ್ಷ ಆಗಸ್ಟ್‌ನಲ್ಲಿ ತುಮಕೂರಿನಲ್ಲಿ ಒಂದು ಸಭೆ ಕರೆದರು. ಒಂದು ಸಂಸ್ಥೆ ಜಿಲ್ಲೆಯ ಹವಾಮಾನದ ಬಗ್ಗೆ, ಮುಂದೆ ೨೦೩೦ರವರೆಗೆ ಹೇಗಿರಬಹುದು ಎನ್ನುವುದರ ಬಗ್ಗೆ ವರದಿ ಮಾಡುತ್ತಿತ್ತು. ಶಾಲಾ ಮೇಷ್ಟ್ರುಗಳನ್ನೂ ಕರೆದಿದ್ದರು, ಕುರ್ಚಿ ತುಂಬಲಿ ಎಂದೇ ಇರಬೇಕು. ವರದಿಯ ಹೊಣೆ ಹೊತ್ತ ನಾಗಭೂಷಣ್ ಎಂಬುವರು ಗೋಡೆಯ ಮೇಲೆ ಬೆಳಕಿನ ಚಿತ್ರಗಳನ್ನು ತೋರಿಸುತ್ತಾ ಹೇಳಿದರು: ಬೆಟ್ಟಗಳಲ್ಲಿ ಅಳತೆ ಇಲ್ಲ, ಹಾಗಾಗಿ ತುಮಕೂರಿನ ಅಂಕಿ ತೆಗೆದುಕೊಂಡು ಎತ್ತರಕ್ಕೆ ತಕ್ಕಷ್ಟು ಡಿಗ್ರಿ ಕಳೆದಿದ್ದೇವೆ, ಆ ಪ್ರಕಾರ ಬೆಟ್ಟದ ಊರುಗಳು ಮುಂದೆಯೂ ಬಯಲಿಗಿಂತ ಈಗಿನಷ್ಟೇ ತಂಪಾಗಿರುತ್ತವೆ.

ನನ್ನ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಶಕುಂತಲಾ ನಿಂತಿದ್ದಳು.

"ಸಾರ್, ನಾನು ಹುತ್ರಿದುರ್ಗದೋಳು. ನಮ್ಮ ಬೆಟ್ಟ ನಿಮ್ಮ ಬಯಲಲ್ಲಿ ಕಳೆದು ಉಳಿದಿದ್ದಲ್ಲ. ಅದಕ್ಕೆ ಅದರದ್ದೇ ಚಳಿ ಇದೆ. ಹದಿನಾರು ವರ್ಷದಿಂದ ಅಳೀತಿದೀನಿ. ನೀವು ಹೇಳಿದ ಹಾಗೆ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾಗಭೂಷಣ್ ನಗಲಿಲ್ಲ. ಅವರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ವಿಳಾಸ ಬರೆದುಕೊಂಡರು. ಮುಂದಿನ ತಿಂಗಳೇ ಜೀಪಿನಲ್ಲಿ ಬಂದರು. ಅವತ್ತು ನಾನೂ ಗುಬ್ಬಿಯಿಂದ ಹೋಗಿದ್ದೆ.

ಶಕುಂತಲಾ ತರಗತಿಯಲ್ಲಿದ್ದಳು. ಅವರು ಕಾಯದೆ ನೇರವಾಗಿ ಅಂಗಳ ದಾಟಿ ಬಿಳಿ ಡಬ್ಬದ ಬಾಗಿಲು ತೆಗೆದರು. ಒಳಗೆ ಮಸಿ, ಎಣ್ಣೆಯ ಜಿಡ್ಡು, ಒಣಗಿದ ಕಣಗಿಲೆ, ಅರ್ಧ ಸುಟ್ಟ ಬತ್ತಿ. ಅಷ್ಟರಲ್ಲಿ ಅವಳು ಹೊರಗೆ ಬಂದಳು. ಅವರು ಕರವಸ್ತ್ರದಲ್ಲಿ ಬೆರಳು ಒರೆಸಿಕೊಳ್ಳುತ್ತಾ, "ಏನ್ ಮೇಡಂ ಇದು? ಇದ್ರಲ್ಲಿ ದೀಪ ಹಚ್ಚಿದ್ದೀರ! ಇದ್ರಲ್ಲಿ ಅಳೆದ ಟೆಂಪರೇಚರ್ ನಾನು ವರದಿಗೆ ಹಾಕ್ಬೇಕಾ?" ಅಂದರು.

ಅಂಗಳದ ಮೂಲೆಯಲ್ಲಿ ಗುಡಿಸುತ್ತಿದ್ದ ಚಿಕ್ಕಮಾರಮ್ಮ ಪೊರಕೆ ಊರಿ ನಿಂತಳು.

"ಅಯ್ಯೋ ಸ್ವಾಮಿ, ಚಪ್ಲಿ ಕಾಲಲ್ಲಿ ಅಮ್ಮನ ಮನೆ ಬಾಗ್ಲು ತೆಗ್ದಿದ್ದೀರಲ್ಲ! ಚಳಿ ಅಳೆಯೋದು ಆ ಕಡೆದು, ತವರು. ಅಷ್ಟೂ ಗೊತ್ತಾಗಕಿಲ್ವ?"

ಅವರು ಹದಿನೈದು ಹೆಜ್ಜೆ ನಡೆದು ಇನ್ನೊಂದು ಡಬ್ಬ ತೆಗೆದರು. ಒಳಗೆ ಜೇಡದ ಒಂದು ಎಳೆಯೂ ಇರಲಿಲ್ಲ. ತಮ್ಮ ಚೀಲದಿಂದ ಒಂದು ಥರ್ಮಾಮೀಟರ್ ತೆಗೆದು ಪಕ್ಕದಲ್ಲಿಟ್ಟು ಅರ್ಧ ಗಂಟೆ ಕಾದರು. ಎರಡೂ ಒಂದೇ ಹೇಳಿದವು. ಮುಖ ಸ್ವಲ್ಪ ಸಡಿಲವಾಯಿತು. ಜಗಲಿಯಲ್ಲಿ ಕೂತು ನೋಟ್‌ಬುಕ್ಕು ತಿರುವಿದರು. 'ದೀಪ' ಎಂದು ಬರೆದ ಸಾಲುಗಳನ್ನು ಕೇಳಿ ತಿಳಿದುಕೊಂಡರು.

"ಹಚ್ಚಿದ್ದು ಸಂಜೆ ಸಾರ್. ದೀಪ ಬಿಸಿಲಿನ ಮೊಳೆ ತಳ್ಳುತ್ತೆ. ಚಳಿ ಮೊಳೆಗೆ ಏನೂ ಮಾಡಲ್ಲ" ಅಂದಳು.

"ಅದು ಸರಿ. ಆದ್ರೆ ತಪ್ಪು ತಿಳೀಬೇಡಿ ಮೇಡಂ, ಇವೆಲ್ಲ ಆಯಾ ದಿನವೇ ಬರೆದದ್ದು ಅಂತ ಹೇಗೆ ಹೇಳೋದು? ಮನೇಲಿ ಕೂತು ಒಂದೇ ವಾರದಲ್ಲಿ ತುಂಬ್ಸಬಹುದಲ್ಲ."

ಆ ಮಾತಿಗಾಗಿಯೇ ಎನ್ನುವಂತೆ ನಾನು ಬಿಸ್ಕತ್ತಿನ ತಗಡಿನ ಡಬ್ಬಿ ತಂದಿದ್ದೆ. ಅದರಲ್ಲಿ ಅವಳ ಕಾರ್ಡುಗಳಿದ್ದವು, ನೂರ ತೊಂಬತ್ತಕ್ಕೂ ಹೆಚ್ಚು. ಒಂದೊಂದರ ಮೇಲೂ ಅಂಚೆಯ ಮುದ್ರೆ, ತಾರೀಖು. ಅವರು ಅಲ್ಲೊಂದು ಇಲ್ಲೊಂದು ಎಳೆದು ನೋಟ್‌ಬುಕ್ಕಿನೊಂದಿಗೆ ತಾಳೆ ನೋಡಿದರು. ತಲೆ ಎತ್ತಿದಾಗ ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. "ಇದು ಬಂಗಾರ ಮೇಡಂ" ಅಂದರು. ಶಕುಂತಲಾ ನನ್ನ ಕಡೆ ನೋಡಿದ ನೋಟ ನನಗೆ ಈಗಲೂ ಕಾಣುತ್ತದೆ.

ಆಮೇಲೆ ಅವರು ೧೯೯೩ರ ಜನವರಿಗೆ ಬಂದರು. ಹಾಳೆಗೆ ಹೊಲಿದಿದ್ದ ಕಡ್ಡಿಗಳ ಕಟ್ಟು ಮಡಿಲಿಗೆ ಜೋತುಬಿತ್ತು.

ಅವಳು ಎಲ್ಲ ಹೇಳಿದಳು. ಅವರು ಒಂದು ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದರು. "ಇದನ್ನ ಬಿಟ್ಬಿಡೋಣ" ಅಂದರು. "ಹನ್ನೊಂದು ದಿನ ಅಷ್ಟೇ. ತುಮಕೂರಿನ ಅಂಕಿ ನೋಡ್ಕೊಂಡು ನಾವೇ ಆ ಜಾಗ ತುಂಬ್ತೀವಿ. ಮಿಕ್ಕಿದ್ದೆಲ್ಲ ನಿಮ್ಮ ಹೆಸರಲ್ಲೇ ಬರುತ್ತೆ."

"ಬಿಟ್ರೆ ಮೊದಲ ಐದು ವರ್ಷದ ಚಳಿ ಹದಿಮೂರು ಪಾಯಿಂಟ್ ನಾಲ್ಕಾಗುತ್ತೆ ಸಾರ್. ಆಗ ಏರಿದ್ದು ಎಂಟಲ್ಲ, ಆರೇ ಪಾಯಿಂಟು. ನೀವು ತುಂಬೋ ಅಂಕಿ ಬಯಲಿಂದು. ಬಯಲಿನ ಅಂಕಿ ತುಂಬಿ ಬೆಟ್ಟ ಬಯಲಿನ ಹಾಗೇ ಇದೆ ಅನ್ನೋದಾದ್ರೆ ನನ್ನ ನೋಟ್‌ಬುಕ್ಕು ಯಾಕೆ?"

"ಮೇಡಂ, ಓದಕ್ಕೆ ಬಾರದೋರು ಪೊರಕೆ ಕಡ್ಡೀಲಿ ಅಳೆದದ್ದು ಅಂತ ಬರೆದ್ರೆ ನಮ್ಮನ್ನ ನೋಡಿ ನಗ್ತಾರೆ."

ಶಕುಂತಲಾ ಚಿಕ್ಕಮಾರಮ್ಮನ ಕಡೆ ನೋಡಿದಳು. ಚಿಕ್ಕಮಾರಮ್ಮ ನೆಲ ನೋಡುತ್ತಿದ್ದಳು.

"ಓದಕ್ಕೆ ಬರೋ ನಾಲ್ಕು ಊರಿನ ಮೇಷ್ಟ್ರುಗಳು ಅಳೆಯೋದೇ ಬಿಟ್ರು" ಅಂದಳು ಶಕುಂತಲಾ. "ಇವ್ಳು ಹನ್ನೊಂದು ಬೆಳಿಗ್ಗೆ ಒಂದು ದಿನಾನೂ ತಪ್ಪಿಸ್ಲಿಲ್ಲ. ಕಡ್ಡಿ ಇದ್ರೆ ನೋಟ್‌ಬುಕ್ಕು. ಕಡ್ಡಿ ಬೇಡ ಅಂದ್ರೆ ನೋಟ್‌ಬುಕ್ಕೂ ಬೇಡ."

"ಹದಿನಾರು ವರ್ಷದ ಕೆಲಸ ಹಾಳಾಗುತ್ತಲ್ಲ ಮೇಡಂ!"

"ಹಾಳು ಯಾಕಾಗುತ್ತೆ? ನಾಳೆ ಎಂಟೂವರೆಗೆ ಮತ್ತೆ ಬರೀತೀನಿ."

ಜೀಪು ಇಳಿದು ಹೋದ ಮೇಲೆ ನಾನು ಅವಳೊಂದಿಗೆ ಜಗಳವಾಡಿದೆ. ಹನ್ನೊಂದು ಕಡ್ಡಿಗೋಸ್ಕರ ಎಲ್ಲ ಕಳೆದುಕೊಂಡೆ, ಹಟಮಾರಿ ಎಂದು ಬೈದೆ. ಅವಳು ಕಾಫಿ ಲೋಟ ಮುಂದೆ ತಳ್ಳಿ, "ಕುಡಿ, ಆರೋಗುತ್ತೆ" ಅಂದಳು, ಅಷ್ಟೇ. ೨೦೦೮ರಲ್ಲಿ ವರದಿ ಬಂತು. ನಲವತ್ತೊಂದನೇ ಪುಟವನ್ನು ಹರಿದು ನೋಟ್‌ಬುಕ್ಕಿಗೆ ಅಂಟಿಸಿ, ಆ ಸಾಲಿನ ಕೆಳಗೇ ಅವತ್ತಿನ ಬೆಳಗಿನ ಅಂಕಿ ಬರೆದಿದ್ದಾಳೆ. ಕೆಂಪು ಶಾಯಿಯಲ್ಲಿ. ಹದಿನೇಳೂವರೆ ವರ್ಷದಲ್ಲಿ ಕೆಂಪು ಶಾಯಿ ಅದೊಂದೇ ಸಲ.

ಈ ಜನವರಿ ಇಪ್ಪತ್ತೊಂಬತ್ತರ ಬೆಳಿಗ್ಗೆ ಅಂಕಿ ಬರೆದು ತರಗತಿಗೆ ಹೋದವಳು ಹನ್ನೊಂದು ಗಂಟೆಗೆ ಬೋರ್ಡಿನ ಮುಂದೆ ಕುಸಿದಳು. ತಲೆಯೊಳಗೆ ರಕ್ತ ಒಡೆದಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದಳು. ಎಚ್ಚರವಾದಾಗಲೆಲ್ಲ ಎಡಗೈ ಎತ್ತಿ ಹೆಬ್ಬೆರಳು ಮತ್ತು ತೋರುಬೆರಳು ಅಗಲಿಸಿ ತೋರಿಸುತ್ತಿದ್ದಳು. ನೀರು ಕೇಳುತ್ತಿದ್ದಾಳೆ ಎಂದುಕೊಂಡು ನಾನು ಚಮಚದಲ್ಲಿ ನೀರು ಬಿಡುತ್ತಿದ್ದೆ. ಫೆಬ್ರವರಿ ಆರರಂದು ಹೋದಳು.

ಎಂಟು ದಿನದ ಮೇಲೆ ನಾಗಭೂಷಣ್ ಫೋನ್ ಮಾಡಿದರು. ಸುದ್ದಿ ತಿಳಿದು ದುಃಖವಾಯಿತು ಅಂದರು. ವರದಿಯ ಎರಡನೇ ಮುದ್ರಣ ಬರುತ್ತಿದೆ, ನೋಟ್‌ಬುಕ್ಕುಗಳು ನಿಮ್ಮ ಕೈಗೆ ಬಂದರೆ ಕೊಡಿ, ಅವರ ಹೆಸರಲ್ಲೇ ಹಾಕುತ್ತೇವೆ, ಆ ಹನ್ನೊಂದು ದಿನವನ್ನು ಮಾತ್ರ ಬಿಡೋಣ. "ಈಗ ಅವರೂ ಬೇಡ ಅನ್ನಲ್ಲ ಅನ್ಸುತ್ತೆ" ಅಂದರು. ನಾನು ಆಗಲಿ ಅಂದೆ. ಇದನ್ನು ಮುಚ್ಚಿಡುವುದಿಲ್ಲ. ಅವಳ ಹೆಸರು ಅಚ್ಚಿನಲ್ಲಿ ನೋಡುವ ಆಸೆ ನನಗೇ ಅವಳಿಗಿಂತ ಹೆಚ್ಚಿತ್ತು.

ಹದಿನಾರನೇ ತಾರೀಖು ತಿಥಿ. ಗಂಗಾಧರ್ ಅವರ ತಮ್ಮನ ಮನೆಯವರು ಮಾಡಿದರು. ಊಟವಾದ ಮೇಲೆ ನೋಟ್‌ಬುಕ್ಕುಗಳನ್ನು ಟ್ರಂಕಿಗೆ ತುಂಬುತ್ತಿದ್ದಾಗ ಚಿಕ್ಕಮಾರಮ್ಮ ಬಂದಳು. ಸೆರಗಿನ ಗಂಟು ಬಿಚ್ಚಿ ನನ್ನ ಮುಂದಿಟ್ಟಳು. ಬೆಳ್ಳಿಯ ಭರಣಿ. ಅದರ ಪಕ್ಕ ದಾರದಲ್ಲಿ ಕಟ್ಟಿದ ತೆಂಗಿನ ಕಡ್ಡಿಗಳು. ಒಂದು ಕಡ್ಡಿಗೂ ಇನ್ನೊಂದಕ್ಕೂ ನಡುವೆ ಒಂದೊಂದು ಗಂಟು.

"ಹದಿನೆಂಟು ಅವೆ. ಮೇಷ್ಟ್ರಮ್ಮ ಬಿದ್ದ ಮಾರ್ನೆ ದಿನದಿಂದ" ಅಂದಳು. "ಗಂಟು ಬಿಚ್ಚಬೇಡ, ಯಾವ ದಿನದ್ದು ಯಾವ್ದು ಅಂತ ಕಲ್ಸೋಯ್ತದೆ."

"ಯಾರು ಹೇಳಿದ್ರು ನಿಂಗೆ ಮಾಡು ಅಂತ?"

"ಹೇಳಬೇಕಾ? ನಾ ನೋಡಕ್ಕೆ ಬಂದಾಗ ಮೇಷ್ಟ್ರಮ್ಮ ಆಸ್ಪತ್ರೇಲಿ ಬೆರಳಲ್ಲೇ ಕೇಳ್ಳಿಲ್ವಾ, ಕಡ್ಡಿ ಎಷ್ಟುದ್ದ ಬತ್ತು ಅಂತ?"

ಹೆಬ್ಬೆರಳು, ತೋರುಬೆರಳು. ನಾನು ನೀರು ಕೊಟ್ಟಿದ್ದೆ.

ನಾವಿಬ್ಬರೂ ಡಬ್ಬದ ಹತ್ತಿರ ಹೋದೆವು. ಒಂದೊಂದೇ ಕಡ್ಡಿಯನ್ನು ಎಡಗಡೆಯ ಕೊಳವೆಗೆ ಹಿಡಿದು ನಾನು ಓದಿದೆ, ಬರೆದೆ. ಹದಿನಾಲ್ಕು. ಹದಿನಾಲ್ಕೂವರೆ. ಹದಿನೈದು. ಏಳನೆಯದು ಹದಿನಾರು ಬಂತು. "ಇದನ್ನ ಸರಿಯಾಗಿ ಮುರ್ದಿದ್ದೀಯಾ ಮಾರಮ್ಮ? ಚಿಕ್ಕದಾಯ್ತಲ್ಲ" ಅಂದೆ.

"ಸರ್ಯಾಗೇ ಮುರ್ದಿವ್ನಿ! ಅವತ್ತು ಚಳೀನೇ ಇರ್ಲಿಲ್ಲ, ನಾನೇನ್ ಮಾಡ್ಲಿ? ಕಂಬ್ಳಿ ಒದ್ದು ಮಲ್ಗಿದ್ದೆ. ಉದ್ದ ಬೇಕು ಅಂದ್ರೆ ಬೆಟ್ಟನ್ನ ಕೇಳು, ನನ್ನ ಕೇಳಬೇಡ."

ಹಾಗೆ ಅಂದು ಅವಳು ಕಣ್ಣೊರೆಸಿಕೊಂಡಳು. ನಾನು ಹದಿನಾರು ಎಂದೇ ಬರೆದೆ. ಹದಿನೆಂಟು ಸಾಲಿನ ಮುಂದೆಯೂ 'ಕಡ್ಡಿ' ಎಂದು ಷರಾ ಹಾಕಿದೆ. ಶಾಲೆಯ ಜಗಲಿಯಲ್ಲೇ ಕೂತು ನಾಗಭೂಷಣ್ ಅವರಿಗೆ ಎರಡು ಸಾಲು ಬರೆದೆ: ಫೋನಿನಲ್ಲಿ ಒಪ್ಪಿದ್ದು ತಪ್ಪಾಯಿತು, ಹನ್ನೊಂದು ಕಡ್ಡಿ ಇದ್ದದ್ದು ಈಗ ಇಪ್ಪತ್ತೊಂಬತ್ತಾಗಿದೆ, ತೆಗೆದುಕೊಳ್ಳುವುದಾದರೆ ಅಷ್ಟನ್ನೂ ತೆಗೆದುಕೊಳ್ಳಿ. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಬೇಡ.

"ನಾಳಿನ ಕಡ್ಡಿ ಯಾರಿಗೆ ಕೊಡ್ಲಿ?" ಚಿಕ್ಕಮಾರಮ್ಮ ಕೇಳಿದಳು.

"ಮುರಿದಿಟ್ಟಿರು. ತಿಂಗಳಿಗೊಂದ್ಸಲ ನಾನೇ ಬರ್ತೀನಿ."

ಭರಣಿಯನ್ನು ಅವಳ ಸೆರಗಿಗೇ ಮತ್ತೆ ಕಟ್ಟಿದೆ. ಬ್ಯಾಗಿನಲ್ಲಿ ಶಕುಂತಲಾಳ ಮೇಜಿನಿಂದ ತೆಗೆದುಕೊಂಡ ಖಾಲಿ ಕಾರ್ಡುಗಳಿದ್ದವು. ಒಂದರ ಮೇಲೆ ಹದಿನೆಂಟು ಅಂಕಿಗಳನ್ನು, ಅವಳಷ್ಟು ಚಿಕ್ಕದಾಗಿ ಬಾರದಿದ್ದರೂ, ಬರೆದೆ. ವಿಳಾಸದ ಜಾಗದಲ್ಲಿ ನನ್ನದೇ ಹೆಸರು, ಗುಬ್ಬಿಯ ನಮ್ಮ ಮನೆ. ಬೆಟ್ಟ ಇಳಿಯುವ ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕಿದೆ. ಮುದ್ರೆ ಬೀಳಲಿ.